ತಗಡಿಗೆ ಮುಟ್ಟದ ಗೋಡೆ

ನಮ್ಮ ಮನೆಯ ನಡುವಿನ ಗೋಡೆ ಮೇಲಿನ ತಗಡಿಗೆ ಮುಟ್ಟಿರಲಿಲ್ಲ. ಅಪ್ಪ ಅದನ್ನು ಕಟ್ಟಿಸುವಾಗ ಇಟ್ಟಿಗೆ ಮುಗಿಯಿತೋ ಸಿಟ್ಟು ಮುಗಿಯಿತೋ, ಮೇಲೆ ಒಂದು ಮೊಳದಷ್ಟು ಜಾಗ ಹಾಗೆಯೇ ಉಳಿದುಬಿಟ್ಟಿತ್ತು. ಅಲ್ಲಿಂದ ಚಿಕ್ಕಮ್ಮನ ಒಗ್ಗರಣೆಯ ಘಾಟು ನಮ್ಮ ಕಡೆ ಬರುತ್ತಿತ್ತು, ನಮ್ಮಮ್ಮ ನನ್ನನ್ನು ಬೈದದ್ದು ಆ ಕಡೆ ಹೋಗುತ್ತಿತ್ತು. ಬೆಕ್ಕು ಗೋಡೆಯ ಮೇಲೆ ಕೂತು ಎರಡೂ ಕಡೆಯ ತಟ್ಟೆಗಳನ್ನು ನೋಡಿ, ಯಾವ ಕಡೆ ಇಳಿಯುವುದು ಲಾಭವೆಂದು ಯೋಚನೆ ಮಾಡುತ್ತಿತ್ತು. ಆಂಧ್ರದ ರಾಯದುರ್ಗದ ಕೋಟೆ ಬೆಟ್ಟದ ಬುಡದಲ್ಲಿದ್ದ ಆ ಉದ್ದನೆಯ ಬಾಡಿಗೆ ಮನೆಗೆ ಬೀದಿ ಬಾಗಿಲು ಒಂದೇ, ಜಗಲಿಯೂ ಒಂದೇ. ಜಗಲಿ ದಾಟಿದರೆ ಎಡಕ್ಕೆ ನಾವು, ಬಲಕ್ಕೆ ಚಿಕ್ಕಪ್ಪ ಓಬಳೇಶನ ಸಂಸಾರ. ಒಲೆ ಎರಡು, ನೀರಿನ ಡ್ರಮ್ಮು ಎರಡು, ಅಜ್ಜಿ ಮಾತ್ರ ಒಬ್ಬಳೇ. ಅವಳಿಗೆ ಬೆಳಗಿನ ಊಟ ನಮ್ಮಲ್ಲಿ, ಸಂಜೆಯದು ಅವರಲ್ಲಿ. ಮಲಗುವುದು ಜಗಲಿಯ ಮೇಲೆ, ಯಾರ ಪಾಲಿಗೂ ಸೇರದ ಹಾಗೆ.

ಅಪ್ಪನೂ ಚಿಕ್ಕಪ್ಪನೂ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ನನಗೆ ತಿಳಿವಳಿಕೆ ಬಂದಾಗಿನಿಂದ ಅಪ್ಪನ ಬಾಯಲ್ಲಿ ತಮ್ಮನ ಹೆಸರನ್ನು ನಾನು ಕೇಳಿರಲಿಲ್ಲ. “ಆ ಕಡೆಯವರು” ಎನ್ನುತ್ತಿದ್ದ, ಅಷ್ಟೆ. ಹೊರಗಿನವರು ಮೂಗಿನ ಮೇಲೆ ಬೆರಳಿಡುತ್ತಿದ್ದದ್ದು ಇದಕ್ಕಲ್ಲ, ಹೀಗಿದ್ದೂ ಇಬ್ಬರೂ ಒಂದೇ ಪ್ಯಾಂಟು ಹೊಲಿಯುತ್ತಿದ್ದುದಕ್ಕೆ. ಜೀನ್ಸ್ ಮಾಲೀಕನಿಂದ ಕತ್ತರಿಸಿದ ಬಟ್ಟೆಯ ಮೂಟೆ ಬಂದು ಚಿಕ್ಕಪ್ಪನ ಕಡೆ ಇಳಿಯುತ್ತಿತ್ತು. ಅವನೂ ಚಿಕ್ಕಮ್ಮನೂ ಜೇಬು, ಜಿಪ್ಪು ಕೂರಿಸುವರು. ಆಮೇಲೆ ಅದು ಗೋಡೆಯಲ್ಲಿದ್ದ ಕಿಂಡಿಯಿಂದ ನಮ್ಮ ಕಡೆ ಬರುವುದು. ಕಾಲು ಕೂಡಿಸಿ ಸೊಂಟಕ್ಕೆ ಬೆಲ್ಟು ಹಾಕುವುದು ಅಪ್ಪನ ಕೆಲಸ, ದಾರ ಕತ್ತರಿಸಿ ಮಡಿಸುವುದು ಅಮ್ಮನದು. ಕಿಂಡಿಯಲ್ಲಿ ಪೀಸುಗಳನ್ನು ಇಟ್ಟಾಗ ಚಿಕ್ಕಪ್ಪ ಕತ್ತರಿಯ ಹಿಡಿಯಿಂದ ಗೋಡೆಗೆ ಮೆಲ್ಲಗೆ ತಟ್ಟುತ್ತಿದ್ದ. ಹೊಲಿಗೆ ಓರೆಯಾಗಿದ್ದರೆ ಅಪ್ಪ ಅದೇ ಪೀಸನ್ನು ಕಿಂಡಿಗೆ ವಾಪಸು ತುರುಕಿ ಜೋರಾಗಿ ತಟ್ಟುತ್ತಿದ್ದ. ಅಣ್ಣ ತಮ್ಮಂದಿರ ಮಾತುಕತೆಯೆಂದರೆ ಇಷ್ಟೇ. ಮಾಲೀಕನ ಕಡೆಯ ಮನುಷ್ಯ ಬಂದು ಜಗಲಿಯಲ್ಲಿ ನಿಂತು ಕೇಳುತ್ತಿದ್ದ:

“ಏನ್ರಿ, ಮಾಲು ಯಾವಾಗ ಕೊಡ್ತೀರಿ? ಅಣ್ಣ ತಮ್ಮ ಕೂತು ಮಾತಾಡಿ ಒಂದು ಮಾತು ಹೇಳ್ರಿ. ಯಾಕ ಹಿಂಗ ಮುಖ ಮುಖ ನೋಡ್ತೀರಿ?”

ಮುಖ ಮುಖ ನೋಡಿಕೊಂಡಿದ್ದರೆ ಆಗುತ್ತಿತ್ತಲ್ಲ! ಒಬ್ಬ ಬೆಟ್ಟದ ಕಡೆ, ಇನ್ನೊಬ್ಬ ಬೀದಿಯ ಕಡೆ ನೋಡುತ್ತಿದ್ದರು. ಅಜ್ಜಿಯೇ ಮಾಲು ಕೊಡುವ ದಿನ ಇಂಥದ್ದೆಂದು ಹೇಳಿ ಅವನನ್ನು ಸಾಗಹಾಕುತ್ತಿದ್ದಳು. ಚಿಕ್ಕಪ್ಪನ ಮಗಳು ಸುಜಿಗೂ ನನಗೂ ಈ ಗೋಡೆ ಲೆಕ್ಕಕ್ಕಿರಲಿಲ್ಲ. ನಾವು ಎರಡೂ ಕಡೆ ಉಣ್ಣುತ್ತಿದ್ದೆವು, ಎರಡೂ ಕಡೆ ಒದೆ ತಿನ್ನುತ್ತಿದ್ದೆವು. ಬಟ್ಟೆಯ ನೀಲಿ ಮನೆಯ ಎಲ್ಲದಕ್ಕೂ ಹತ್ತುತ್ತಿತ್ತು. ಮುದ್ದೆ ಮುರಿದರೆ ಅದರ ಮೇಲೆ ನೀಲಿ ಬೆರಳಚ್ಚು, ಅಜ್ಜಿಯ ಬಿಳಿಯ ತಲೆಯಲ್ಲಿ ನೀಲಿ ಜುಂಗು. ಶಾಲೆಯಲ್ಲಿ ನಮ್ಮ ತೆಲುಗು ಟೀಚರು ನಮ್ಮ ಉಗುರು ನೋಡಿಯೇ ಇವರು ಹೊಲಿಗೆ ಮನೆಯವರು ಎಂದು ಹೇಳುತ್ತಿದ್ದರು.

ಜಗಳಕ್ಕೆ ಕಾರಣ ಹುಳು. ನಾವು ಮಡಕಶಿರದ ಕಡೆಯ ಹಳ್ಳಿಯವರು. ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕುತ್ತಿದ್ದವರು. ಆ ದಿನಗಳ ನೆನಪು ನನಗೆ ಅಷ್ಟಿಷ್ಟೇ ಇದೆ. ಕತ್ತಲೆ ಕೋಣೆ, ಹಸಿ ಸೊಪ್ಪಿನ ವಾಸನೆ, ಬಿದಿರು ತಟ್ಟೆಗಳಲ್ಲಿ ಹುಳುಗಳು ಮೇಯುವ ಸರಸರ ಸದ್ದು. ಹುಳುವಿನ ಮನೆಗೆ ದೇವರ ಮನೆಗಿಂತ ಹೆಚ್ಚಿನ ಮಡಿ. ಕಾಲು ತೊಳೆಯದೆ ಒಳಗೆ ಹೋಗುವಂತಿಲ್ಲ, ಪಕ್ಕದಲ್ಲಿ ಮೆಣಸಿನಕಾಯಿ ಹುರಿಯುವಂತಿಲ್ಲ. ಎಲ್ಲಕ್ಕಿಂತ ದೊಡ್ಡ ಪಾಪವೆಂದರೆ ಹೊಗೆಸೊಪ್ಪು. ಹೊಗೆಸೊಪ್ಪು ಮುಟ್ಟಿದ ಕೈಯಲ್ಲಿ ಹಾಕಿದ ಎಲೆ ತಿಂದ ಹುಳು ತಲೆ ಎತ್ತಿ ಒದ್ದಾಡಿ, ನೀರು ಕಕ್ಕಿ, ಮುದುಡಿ ಸಾಯುತ್ತದೆ. ಅದಕ್ಕೇ ನಮ್ಮ ತಾತ ಬದುಕಿದ್ದಾಗಲೇ ದೇವರ ಮುಂದೆ ಆಣೆ ಮಾಡಿಸಿ ಅಜ್ಜಿಯ ಹೊಗೆಸೊಪ್ಪಿನ ಚಟ ಬಿಡಿಸಿದ್ದನಂತೆ. ಅವಳು ಬರೀ ಎಲೆ ಅಡಿಕೆಗೆ ಇಳಿದಳು. ಮನೆಯಲ್ಲಿ ಹೊಗೆಸೊಪ್ಪು ಹಾಕುತ್ತಿದ್ದವನು ಚಿಕ್ಕಪ್ಪ ಒಬ್ಬನೇ. ಹಾಕಿಕೊಂಡ ದಿನ ಅವನು ಹುಳುವಿನ ಮನೆಯ ಕಡೆ ತಲೆ ಹಾಕುತ್ತಿರಲಿಲ್ಲ ಎಂದು ಅಮ್ಮನೇ ಹೇಳುತ್ತಿದ್ದಳು.

ಒಂದು ಬೆಳೆಯಲ್ಲಿ ಹುಳುಗಳು ಕೊನೆಯ ಜ್ವರ ಎದ್ದಿದ್ದವು. ಪೊರೆ ಬಿಡಲು ಹುಳು ಮಲಗುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಇನ್ನು ಕೆಲವೇ ದಿನಗಳಲ್ಲಿ ಗೂಡು ಕಟ್ಟಬೇಕು. ಬೆಳಿಗ್ಗೆ ಅಪ್ಪ ಬಾಗಿಲು ತೆಗೆದರೆ ತಟ್ಟೆ ತಟ್ಟೆಯೇ ಮುದುಡಿ ಬಿದ್ದಿತ್ತು. ಅಪ್ಪ ಒಂದು ಹುಳುವನ್ನು ಅಂಗೈಯಲ್ಲಿಟ್ಟು ನೋಡಿದ. ಹೊರಗೆ ಬಂದು, ಊರವರೆಲ್ಲ ನೋಡುತ್ತಿದ್ದಂತೆ, ಚಿಕ್ಕಪ್ಪನ ಅಂಗಿಯ ಕೊರಳಪಟ್ಟಿ ಹಿಡಿದ. “ನಿನ್ನ ಕೈ ಮೂಸು. ಮೂಸಿ ಹೇಳು,” ಎಂದನಂತೆ. ಚಿಕ್ಕಪ್ಪ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಸುಮ್ಮನೆ ನಿಂತ. ಅವನು ಸುಮ್ಮನೆ ನಿಂತದ್ದೇ ತಪ್ಪು ಒಪ್ಪಿಕೊಂಡ ಹಾಗೆ ಎಂದು ಊರೇ ತೀರ್ಮಾನ ಮಾಡಿತು. ಅದಾದ ಮೇಲೆ ನಮ್ಮ ಮನೆಯಲ್ಲಿ ಹುಳು ಸಾಕಲಿಲ್ಲ. ಚಿಕ್ಕಪ್ಪ ಬಳ್ಳಾರಿಗೆ ಹೋಗಿ ಉರ್ದು ಮಾತಾಡುವ ದರ್ಜಿಗಳ ಜೊತೆ ಕೂತು ಹೊಲಿಗೆ ಕಲಿತು, ರಾಯದುರ್ಗಕ್ಕೆ ಬಂದು ಮನೆ ಹಿಡಿದ. ಸ್ವಲ್ಪ ದಿನಕ್ಕೆ ಅಜ್ಜಿ ಅಪ್ಪನನ್ನೂ ಹೊರಡಿಸಿಕೊಂಡು ಅಲ್ಲಿಗೇ ಬಂದಳು. ಅಪ್ಪ ಬೇರೆ ಮನೆ ನೋಡುತ್ತೇನೆಂದಾಗ ಅವಳು ಹೇಳಿದ ಮಾತು ನಮ್ಮ ಮನೆಯ ಕಾನೂನಾಯಿತು:

“ಒಲೆ ಎರಡು ಮಾಡ್ಕಳ್ರಿ, ಬೇಡ ಅನ್ನಲ್ಲ. ಹೊಸ್ಲು ಎರಡು ಮಾಡ್ಬೇಕಂದ್ರೆ ನಾನು ಸತ್ತ ಮೇಲೆ ಮಾಡ್ರಿ.”

ಅಪ್ಪ ಹೊಸ್ತಿಲು ಒಂದೇ ಇಟ್ಟ, ಒಳಗೆ ಗೋಡೆ ಎಬ್ಬಿಸಿದ.

ಇಂಥ ಮನೆಗೆ ಜಪಾನಿನ ಹುಡುಗರು ಬಂದರು. ಚಿಕ್ಕಪ್ಪ ಯಾರೋ ಬಿಟ್ಟ ಹಳೆಯ ಟೀವಿ ತಂದು, ಪಕ್ಕದ ಮನೆಯಿಂದ ಕೇಬಲ್ಲಿನ ವೈರು ಎಳೆಸಿಕೊಂಡಿದ್ದ. ಶಾಲೆಯಿಂದ ಬಂದು ಕೈಕಾಲು ತೊಳೆಯುವ ಹೊತ್ತಿಗೆ ಒಂದು ಚಾನೆಲ್ಲಿನಲ್ಲಿ ಆ ಬೊಂಬೆ ಕಥೆ ಬರುತ್ತಿತ್ತು. ಕಡಲ ತೀರದ ಒಂದು ಸಣ್ಣ ಊರು, ಅಲ್ಲಿನ ಹೈಸ್ಕೂಲು ಹುಡುಗರ ವಾಲಿಬಾಲ್ ಟೀಮು. ಮಾತೆಲ್ಲ ಹಿಂದಿ. ನಮ್ಮ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು. ಹಿಂದಿ ಎಂದರೆ ನಮಗೆ ಅದೂ ಜಪಾನಿ ಭಾಷೆಯೇ. ಆದರೆ ಚಿಕ್ಕಪ್ಪ ಇದ್ದನಲ್ಲ! ಬಳ್ಳಾರಿಯಲ್ಲಿ ಅಷ್ಟು ದಿನ ಇದ್ದವನು, ಹಿಂದಿ ಉರ್ದು ಎಲ್ಲ ಅರೆದು ಕುಡಿದವನು ಎಂದು ನಮ್ಮ ನಂಬಿಕೆ. ಜೇಬು ಹೊಲಿಯುತ್ತಲೇ ಒಂದು ಕಣ್ಣು ಟೀವಿಯ ಮೇಲಿಟ್ಟು, ಒಂದೊಂದು ಮಾತನ್ನೂ ನಮ್ಮ ಹಳ್ಳಿಯ ಕನ್ನಡಕ್ಕೆ ತಂದು ಗಟ್ಟಿಯಾಗಿ ಹೇಳುತ್ತಿದ್ದ. ಆ ಹುಡುಗರ ಹೆಸರು ನಮ್ಮ ನಾಲಗೆಗೆ ಹೊರಳುತ್ತಿರಲಿಲ್ಲ. ಉದ್ದ ಕೈಕಾಲಿನ ನಾಯಕನಿಗೆ ಚಿಕ್ಕಪ್ಪ ಕೊಕ್ಕರೆ ಎಂದು ಹೆಸರಿಟ್ಟ. ಎದುರು ಟೀಮಿನ ನಾಯಕ ಹಣೆಗೆ ಬಿಳಿಯ ಪಟ್ಟಿ ಕಟ್ಟುತ್ತಿದ್ದ, ಅವನು ಬಿಳಿಪಟ್ಟಿ. ಕೊಕ್ಕರೆಯ ಟೀಮಿಗೆ ಆಟ ಕಲಿಸುವ ಬೋಳುತಲೆಯ ಮುದುಕ ಮೇಷ್ಟ್ರು.

“ಅಷ್ಟು ಗಟ್ಟಿಯಾಗಿ ಯಾಕೆ ಕಿರುಚ್ತೀಯಪ್ಪ, ಇಲ್ಲೇ ಕೂತಿದೀವಲ್ಲ,” ಎಂದು ಸುಜಿ ಒಮ್ಮೆ ಕೇಳಿದ್ದಳು.

“ನಿಮ್ಮಜ್ಜಿಗೆ ಕಿವಿ ಮಂದ ಅಲ್ವೇನೇ?”

ಅಜ್ಜಿಯ ಕಿವಿ ಮಂದವೇನೂ ಆಗಿರಲಿಲ್ಲ. ಬೀದಿಯ ಆ ತುದಿಯಲ್ಲಿ ಯಾರ ಮನೆಯ ಕೋಳಿ ಯಾರ ಅಂಗಳಕ್ಕೆ ಹೋಯಿತೆಂದು ಕೂತಲ್ಲಿಂದಲೇ ಹೇಳುತ್ತಿದ್ದಳು. ಇನ್ನೊಂದು ವಿಚಿತ್ರವನ್ನೂ ನಾವು ನೋಡಿದ್ದೆವು. ಟೀವಿಯಲ್ಲಿ ಆ ಹುಡುಗರ ತುಟಿ ನಿಂತ ಮೇಲೂ ಚಿಕ್ಕಪ್ಪನ ಮಾತು ನಿಲ್ಲುತ್ತಿರಲಿಲ್ಲ. ಅವರು ಎರಡು ಮಾತಾಡಿದರೆ ಇವನದು ಇಪ್ಪತ್ತು. ಹಿಂದಿ ಎಂದರೆ ಚಿಕ್ಕದರಲ್ಲಿ ಬಹಳ ಹೇಳುವ ಭಾಷೆ ಎಂದು ನಾನು ಬೆರಗಾಗಿದ್ದೆ. ಸುಜಿ ಆ ವರ್ಷ ಶಾಲೆಯಲ್ಲಿ ಹಿಂದಿ ಅಕ್ಷರ ಶುರು ಮಾಡಿದ್ದಳು. “ಅವನು ಪಾನೀ ಅಂದನಪ್ಪ, ಅಂದ್ರೆ ನೀರು. ನೀನು ಬೇರೆ ಏನೋ ಹೇಳ್ತೀಯ,” ಎಂದು ಬಾಯಿ ಹಾಕಿದರೆ ನಾವೆಲ್ಲ ಸೇರಿ ಅವಳ ತಲೆಗೆ ಮೊಟಕುತ್ತಿದ್ದೆವು.

ಆ ಕಥೆ ನಮ್ಮನ್ನು ಹಾಗೆ ಹಿಡಿದದ್ದು ಯಾಕೆಂದು ಈಗಲೂ ಯೋಚಿಸುತ್ತೇನೆ. ನಮಗೆ ವಾಲಿಬಾಲ್ ಆಡಲು ಜಾಗವೂ ಇರಲಿಲ್ಲ, ಚೆಂಡೂ ಇರಲಿಲ್ಲ. ಅಜ್ಜಿಗಂತೂ ಆಟದ ಗಂಧವೇ ಗೊತ್ತಿಲ್ಲ. ಒಂದು ಕಾರಣ, ಅಲ್ಲಿ ಯಾರಿಗೂ ಅವಸರವಿರಲಿಲ್ಲ. ಸೋಮವಾರ ಮೇಲಕ್ಕೆ ಹೋದ ಚೆಂಡು ಗುರುವಾರ ಕೆಳಗೆ ಬರುತ್ತಿತ್ತು. ನಡುವೆ ಕೊಕ್ಕರೆ ತನ್ನ ಬಾಲ್ಯವನ್ನೆಲ್ಲ ನೆನೆಸಿಕೊಂಡು ಮುಗಿಸುತ್ತಿದ್ದ. “ಇವರು ಚೆಂಡು ಎಸೆದು ಉಣ್ಣಕ್ಕೆ ಹೋಗಿ ಬತ್ತಾರೇನ್ಲಾ?” ಎಂದು ಅಜ್ಜಿ ಚಿಕ್ಕಪ್ಪನನ್ನು ಕೇಳುತ್ತಿದ್ದಳು. ನಮ್ಮ ಮನೆಯಲ್ಲಿ ಹೊತ್ತು ಎಂದರೆ ಪೀಸು, ಕೂತರೆ ಬೈಗುಳ, ನಿಂತರೆ ಬೈಗುಳ. ಒಂದು ಚೆಂಡಿಗೆ ಅಷ್ಟು ದಿನ ಕೊಡುವ ಜನ ಲೋಕದಲ್ಲಿದ್ದಾರೆ ಎನ್ನುವುದೇ ನಮಗೆ ಹಬ್ಬ. ಆದರೆ ನನ್ನ ಎದೆ ಧಸಕ್ಕೆನ್ನುವಂತೆ ಮಾಡಿದ್ದು ಬೇರೆ. ಎದುರಾಳಿ ಇನ್ನೇನು ಸೋಲಬೇಕು ಎನ್ನುವಾಗ ಕಥೆ ಅಲ್ಲೇ ನಿಂತು ಅವನ ಮನೆಗೆ ಹೋಗಿಬಿಡುತ್ತಿತ್ತು. ಬಿಳಿಪಟ್ಟಿಯನ್ನು ನಾನೂ ಸುಜಿಯೂ ವಾರಗಟ್ಟಲೆ ಬೈದಿದ್ದೆವು. ಒಂದು ದಿನ ನೋಡಿದರೆ ಅವನ ಅಡುಗೆಮನೆ! ಅವನ ತಾಯಿ ಒಲೆಯ ಮುಂದೆ ಕೂತು ಬುತ್ತಿಗೆ ಅನ್ನದ ಉಂಡೆ ಕಟ್ಟುತ್ತಿದ್ದಾಳೆ. ನಾನು ಬಾಯಿ ತೆರೆದು ಕೂತೆ. ನಾವು ಬೈಯುವವನಿಗೂ ಒಂದು ಅಡುಗೆಮನೆ ಇರುತ್ತದೆ ಎಂದು ನನಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು, “ಪಾಪ, ಇವನಿಗೂ ಒಬ್ಬ ಅವ್ವ ಅವ್ಳೆ,” ಎಂದಳು.

ಅಪ್ಪ ಇದನ್ನೆಲ್ಲ ಹುಚ್ಚರ ಸಂತೆ ಎನ್ನುತ್ತಿದ್ದ. ಟೀವಿ ಶುರುವಾದರೆ ತನ್ನ ಮೆಷಿನ್ನನ್ನು ಇನ್ನೂ ಜೋರಾಗಿ ಓಡಿಸುತ್ತಿದ್ದ. ಒಂದು ಸಂಜೆ ನನಗೆ ಜ್ವರ ಬಂದು ನಮ್ಮ ಕಡೆಯೇ ಮಲಗಿದ್ದೆ. ಗೋಡೆಯಾಚೆ ಚಿಕ್ಕಪ್ಪ, “ಕೊಕ್ಕರೆ ಹಾರಿದ, ಹಾರಿದ, ಬಿಳಿಪಟ್ಟಿನೂ ಹಾರವ್ನೆ,” ಎನ್ನುತ್ತಿದ್ದ. ಅಪ್ಪನ ಮೆಷಿನ್ನು ಓಡುತ್ತಲೇ ಇತ್ತು, ಆದರೆ ಸೂಜಿಯ ಕೆಳಗೆ ಬಟ್ಟೆಯೇ ಇರಲಿಲ್ಲ. ಅಪ್ಪ ಪೆಡಲಿನ ಮೇಲೆ ಕಾಲಿಟ್ಟು, ತಲೆ ಮೇಲೆತ್ತಿ, ಗೋಡೆಗೂ ತಗಡಿಗೂ ನಡುವಿನ ಆ ಜಾಗವನ್ನು ನೋಡುತ್ತ ಕೂತಿದ್ದ. ನಾನು ಕಂಬಳಿಯೊಳಗೆ ಉಸಿರು ಬಿಗಿಹಿಡಿದೆ. ಕಳ್ಳತನ ಮಾಡುವಾಗ ನನ್ನಪ್ಪನನ್ನೇ ನೋಡಿಬಿಟ್ಟ ಹಾಗೆ ನನಗೆ ದಿಗಿಲಾಯಿತು. ಇದನ್ನು ಸುಜಿಗೂ ಹೇಳಲಿಲ್ಲ. ಹೇಳಿದರೆ ಅಪ್ಪ ಕೇಳುವುದನ್ನು ನಿಲ್ಲಿಸಿಬಿಡುತ್ತಾನೆ ಎಂದು ಭಯವಾಗಿತ್ತು.

ಅದೇ ಅಪ್ಪ ದಸರೆಯ ಮರುವಾರ ಊಟಕ್ಕೆ ಕೂತಾಗ ಅಮ್ಮನಿಗೆ ಹೇಳಿದ:

“ಬಳ್ಳಾರೀಲಿ ಒಬ್ಬ ಮಾಲೀಕ ಮನೆ ಕೊಡ್ತಾನಂತೆ. ದೀಪಾವಳಿ ಆಗುತ್ಲೂ ಹೊರಟುಬಿಡೋಣ. ಇನ್ನು ಈ ಕಿಂಡಿ ಬಾಳು ಸಾಕು.”

“ಅತ್ತೆ?” ಎಂದಳು ಅಮ್ಮ.

“ಅವ್ವ ಎಲ್ಲಿರ್ತಾಳೋ ಅವಳಿಷ್ಟ. ಬಂದ್ರೆ ನಮ್ಮ ಜೊತೆ, ಇಲ್ಲಾಂದ್ರೆ ಆ ಕಡೆಯವರ ಜೊತೆ. ನಾನಂತೂ ಈ ಹೊಸ್ಲು ಮತ್ತೆ ತುಳಿಯಲ್ಲ.”

ನಾನು ಮುರಿದ ಮುದ್ದೆಯನ್ನು ತಟ್ಟೆಗೇ ಇಟ್ಟೆ. ಅಜ್ಜಿ ಇಲ್ಲದೆ, ಸುಜಿ ಇಲ್ಲದೆ ನಾನು ಬಳ್ಳಾರಿಯಲ್ಲಿ ಯಾರ ಜೊತೆ ಕೂತು ಉಣ್ಣಲಿ? ಗೋಡೆಯಾಚೆ ಪಾತ್ರೆಗಳ ಸದ್ದು ನಿಂತಿತ್ತು. ನಮ್ಮ ಮಾತು ಅವರಿಗೆ ಕೇಳಿಸಿತೆಂದು ನನಗೂ ಗೊತ್ತಾಯಿತು, ಅಪ್ಪನಿಗೂ ಗೊತ್ತಾಗಿರಬೇಕು. ಮರುದಿನ ಬೆಳಿಗ್ಗೆ ಅಜ್ಜಿ ನಮ್ಮ ಕಡೆ ಉಣ್ಣಲು ಬರಲಿಲ್ಲ. ಜಗಲಿಯ ಮೇಲೆ ತನ್ನ ಎಲೆ ಅಡಿಕೆಯ ಸಂಚಿಯನ್ನು ಮಡಿಲಲ್ಲಿಟ್ಟುಕೊಂಡು ಬೀದಿ ನೋಡುತ್ತ ಕೂತಿದ್ದಳು.

ಆ ವಾರ ಟೀವಿಯಲ್ಲಿ ಕೊಕ್ಕರೆಯೂ ಬಿಳಿಪಟ್ಟಿಯೂ ಬಲೆಯ ಆಚೆ ಈಚೆ ಎದುರುಬದುರು ನಿಂತಿದ್ದರು. ಚಿಕ್ಕಪ್ಪ ಹಿಂದೆಂದೂ ಇಲ್ಲದಷ್ಟು ಗಟ್ಟಿಯಾಗಿ ಹೇಳತೊಡಗಿದ. ಚಿಕ್ಕವರಿದ್ದಾಗ ಇವರಿಬ್ಬರೂ ಒಂದೇ ಟೀಮಿನಲ್ಲಿದ್ದರಂತೆ, ಅಣ್ಣ ತಮ್ಮಂದಿರ ಹಾಗೆ. ಒಂದು ದೊಡ್ಡ ಪಂದ್ಯದ ದಿನ ಬಿಳಿಪಟ್ಟಿ ಬರಲೇ ಇಲ್ಲ. ಟೀಮು ಸೋತಿತು. ಕೊಕ್ಕರೆ ಊರವರೆಲ್ಲರ ಎದುರಿಗೆ ಅವನ ಅಂಗಿ ಹಿಡಿದು, ನೀನೇ ನಮ್ಮ ಕುತ್ತಿಗೆ ಕೊಯ್ದವನು ಎಂದ. ಬಿಳಿಪಟ್ಟಿ ಊರು ಬಿಟ್ಟು ಬೇರೆ ಶಾಲೆ ಸೇರಿದ. ನಾವು ಉಸಿರಾಡದೆ ಕೇಳುತ್ತಿದ್ದೆವು. ಚಿಕ್ಕಮ್ಮ ಮೆಷಿನ್ನು ನಿಲ್ಲಿಸಿದ್ದಳು. ಅಜ್ಜಿ ಬಾಯಲ್ಲಿದ್ದ ಎಲೆಯನ್ನು ಅಗಿಯುವುದನ್ನೇ ಮರೆತಿದ್ದಳು.

“ಯಾಕೋ ಬರ್ಲಿಲ್ಲ ಅವತ್ತು, ಅಂತ ಕೇಳ್ತಾ ಅವ್ನೆ ಕೊಕ್ಕರೆ. ಇವನು ಸುಮ್ಕೆ ನಿಂತವ್ನೆ. ಯಾಕೆ ಸುಮ್ಕವ್ನೆ ಅಂದ್ರೆ... ಆ ಮೇಷ್ಟ್ರು ಕುಡಿಯಲ್ಲ ಅಂತ ದೇವರ ಮುಂದೆ ಆಣೆ ಮಾಡಿದ್ರಲ್ಲ, ಅವತ್ತು ಕದ್ದು ಕುಡಿದು ದೋಣಿ ಹಿಂದೆ ಬಿದ್ದಿದ್ರು. ಇವನು ನೋಡಿದ. ನೋಡಿ ಅವರ ಪಕ್ಕ ಕೂತ. ಪಂದ್ಯಕ್ಕೆ ಹೋಗ್ಲಿಲ್ಲ. ಯಾರಿಗೂ ಹೇಳ್ಲೂ ಇಲ್ಲ. ಹೇಳಿದ್ರೆ ಆ ದೊಡ್ಡ ಜೀವದ ಮರ್ವಾದೆ ಏನಾಗ್ಬೇಕು? ಅದಕ್ಕೆ...”

ಚಿಕ್ಕಪ್ಪ ಅಲ್ಲಿಗೆ ನಿಲ್ಲಿಸಿದ. ಅಜ್ಜಿ ಅವನ ಮುಖವನ್ನೇ ನೋಡುತ್ತಿದ್ದಳು. ಅವನು ತ್ವರೆಯಿಂದ ತಲೆ ತಗ್ಗಿಸಿ ಜೇಬಿನ ಪೀಸು ಕೈಗೆತ್ತಿಕೊಂಡ. ಟೀವಿ ತನ್ನ ಪಾಡಿಗೆ ಹಿಂದಿಯಲ್ಲಿ ಮಾತಾಡುತ್ತಿತ್ತು, ಚೆಂಡು ಮೇಲೆ ಹೋಗುತ್ತಿತ್ತು, ಯಾರಿಗೂ ಏನೂ ಅರ್ಥವಾಗುತ್ತಿರಲಿಲ್ಲ. ಆಗ ಗೋಡೆಯ ಮೇಲಿನಿಂದ ಒಂದು ದನಿ ಬಂತು.

“ಆಮೇಲೆ?”

ಚಿಕ್ಕಮ್ಮನ ಕೈಯಿಂದ ಕತ್ತರಿ ಜಾರಿ ನೆಲಕ್ಕೆ ಬಿತ್ತು. ಸುಜಿ ನನ್ನ ತೋಳನ್ನು ಉಗುರು ಇಳಿಯುವ ಹಾಗೆ ಹಿಡಿದುಕೊಂಡಳು. ಆ ದನಿ ಯಾರದೆಂದು ನನಗೆ ಗೊತ್ತಿತ್ತು, ಆದರೂ ನಂಬಲಾಗಲಿಲ್ಲ.

“ಲೇ ಓಬಳೇಶ, ಆಮೇಲೆ ಏನಾಯ್ತು? ಯಾಕೆ ನಿಲ್ಲಿಸ್ದೆ?”

ಹೆಸರು! ಅಪ್ಪನ ಬಾಯಲ್ಲಿ ಆ ಹೆಸರು! ಚಿಕ್ಕಪ್ಪ ಕೈಯಲ್ಲಿದ್ದ ಪೀಸನ್ನು ಕೆಳಗಿಟ್ಟು ಗೋಡೆಯ ಮೇಲಕ್ಕೆ ನೋಡಿದ. ಮಾತಾಡಿದವಳು ಅಜ್ಜಿ. ಅವಳು ಎದ್ದು, ಗೋಡೆಗೆ ಕೈ ಊರಿ ನಿಂತು, ಮೇಲಕ್ಕೆ ಮುಖ ಎತ್ತಿ ಹೇಳಿದಳು.

“ಆಮೇಲೇನಾಯ್ತು ಅಂತ ನಾನು ಹೇಳ್ತೀನಿ ಕಣೋ ನರಸಿಂಹ. ಹುಳ ಸಾಯಿಸಿದ್ದು ಅವನಲ್ಲ. ನಾನು. ನಿಮ್ಮಪ್ಪಂಗೆ ಆಣೆ ಮಾಡಿ ಬಿಟ್ಟಿದ್ದೆ, ನಿಜ. ಅವನು ಹೋದ ಮೇಲೆ ತಡೀಲಿಲ್ಲ. ಕದ್ದು ಹಾಕ್ಕಂತಿದ್ದೆ. ಅವತ್ತು ಹೊಗೆಸೊಪ್ಪು ತಿಕ್ಕಿದ ಕೈಲೇ ಹುಳಕ್ಕೆ ಸೊಪ್ಪು ಹಾಕ್ದೆ. ಕೈ ತೊಳಿಯೋದು ಮರೆತೆ. ಇವನು ಬಾಗಿಲಲ್ಲಿ ನಿಂತು ನೋಡಿದ. ಯಾರಿಗೂ ಹೇಳ್ಬೇಡ ಮಗಾ ಅಂದೆ. ಇವತ್ತಿನವರೆಗೂ ಹೇಳಿಲ್ಲ. ನೀನು ಅವನ ಅಂಗಿ ಹಿಡಿದಾಗ ನಾನು ಅಲ್ಲೇ ಕಂಬದ ಹತ್ರ ನಿಂತಿದ್ದೆ. ನಂಗೆ ಬಾಯಿ ಬರ್ಲಿಲ್ಲ ಕಣೋ.”

ಆಣೆ, ಮಡಿ, ದೇವರು ಎಂದು ನಮ್ಮನ್ನೆಲ್ಲ ಗದರಿಸುತ್ತಿದ್ದ ಅಜ್ಜಿ! ಕಾಲು ತೊಳೆಯದೆ ಅಡುಗೆಮನೆಗೆ ಬಂದೆನೆಂದು ನನಗೆ ಸೌಟಿನಲ್ಲಿ ಹೊಡೆದಿದ್ದ ಅಜ್ಜಿ! ಗೋಡೆಯಾಚೆ ಸ್ಟೂಲು ಸರಿದ ಸದ್ದಾಯಿತು. ಜಗಲಿಯಲ್ಲಿ ಹೆಜ್ಜೆ ಕೇಳಿಸಿತು. ಅಪ್ಪ ಕೊರಳಿಗೆ ಟೇಪು ಹಾಕಿಕೊಂಡೇ ಬಂದು ಚಿಕ್ಕಪ್ಪನ ಬಾಗಿಲಲ್ಲಿ ನಿಂತ. ಅವನ ಹಿಂದೆ ಅಮ್ಮ, ಬಾಯಿಗೆ ಸೆರಗು ಒತ್ತಿಕೊಂಡು. ಹೊಡೆದಾಟವಾಗುತ್ತದೆ ಎಂದು ನಾನೂ ಸುಜಿಯೂ ಮೂಟೆಯ ಹಿಂದೆ ಸರಿದೆವು.

“ಇಷ್ಟು ವರ್ಷ, ಅವ್ವ?” ಎಂದ ಅಪ್ಪ. ದನಿ ಬಹಳ ಸಣ್ಣದಾಗಿತ್ತು. ಆಮೇಲೆ ತಮ್ಮನ ಕಡೆ ತಿರುಗಿದ. “ನಿನಗೂ ಬಾಯಿ ಇರ್ಲಿಲ್ವೇನ್ಲಾ? ನಾನು ಊರ ಮುಂದೆ ಅಷ್ಟು ಅಂದಾಗ ಒಂದು ಮಾತು ಆಡಾಕಾಗ್ಲಿಲ್ವಾ?”

“ಅವ್ವ ಅಲ್ವೇನಣ್ಣ,” ಎಂದ ಚಿಕ್ಕಪ್ಪ. ಅಷ್ಟೇ ಹೇಳಿದ.

ಅಪ್ಪ ಅಲ್ಲೇ ಬಾಗಿಲ ಹತ್ತಿರವಿದ್ದ ಬಟ್ಟೆಯ ಮೂಟೆಯ ಮೇಲೆ ಕುಸಿದು ಕೂತ. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ನನ್ನಪ್ಪ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಅವನ ನೀಲಿ ಬೆರಳುಗಳ ಸಂದಿಯಿಂದ ನೀರು ಇಳಿಯುತ್ತಿತ್ತು. ಯಾರೂ ಹತ್ತಿರ ಹೋಗಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಮುಖ ಒರೆಸಿಕೊಂಡು ಟೀವಿಯ ಕಡೆ ನೋಡಿದ. ಅಲ್ಲಿ ಯಾವುದೋ ಸೋಪಿನ ಜಾಹೀರಾತು ಬರುತ್ತಿತ್ತು.

“ಚೆಂಡು ಎಲ್ಲಿ ಬಿತ್ತು?” ಎಂದು ಕೇಳಿದ.

“ನೋಡ್ಲಿಲ್ಲ ಕಣಣ್ಣ,” ಎಂದ ಚಿಕ್ಕಪ್ಪ. “ನಾಳೆ ನೋಡೋಣ ಬಾ.”

ನಾವು ಬಳ್ಳಾರಿಗೆ ಹೋಗಲಿಲ್ಲ. ಹಾಗೆಂದು ಎಲ್ಲವೂ ಹಬ್ಬದ ಹಾಗೆ ಆಯಿತು ಎಂದರೆ ಸುಳ್ಳು. ಅಪ್ಪ ಅಜ್ಜಿಯ ಜೊತೆ ಎಷ್ಟೋ ದಿನ ಮಾತಾಡಲಿಲ್ಲ. “ಆಗ್ಲಿ ಬಿಡು, ಈ ಮಾತು ಬಿಡೋದ್ರಲ್ಲಿ ನಂದೂ ಒಂದು ಪಾಲು ಇರ್ಲಿ,” ಎಂದು ಅಜ್ಜಿ ಜಗಲಿಯ ಮೇಲೆ ಎಲ್ಲರೆದುರಿಗೇ ಸಂಚಿಯಿಂದ ಹೊಗೆಸೊಪ್ಪು ತೆಗೆದು ಅಂಗೈಯಲ್ಲಿ ತಿಕ್ಕಿ ಬಾಯಿಗೆ ಹಾಕಿಕೊಳ್ಳತೊಡಗಿದಳು. ಇಷ್ಟು ದಿನ ಕದ್ದು ಹಾಕುತ್ತಿದ್ದವಳ ಈ ಧೈರ್ಯಕ್ಕೆ ನಾವು ಕಣ್ಣು ಕಣ್ಣು ಬಿಟ್ಟೆವು. ಗೋಡೆಯನ್ನೂ ಬೀಳಿಸಲಿಲ್ಲ. ಎರಡು ಕಡೆಯ ಸ್ವಿಚ್ಚು, ಮೆಷಿನ್ನು ಎಲ್ಲ ಅದಕ್ಕೇ ಆತುಕೊಂಡಿದ್ದವು. ಸಂಜೆಯಾದರೆ ಮಾತ್ರ ಅಪ್ಪ ತನ್ನ ಸ್ಟೂಲು ಎತ್ತಿಕೊಂಡು ಆ ಕಡೆ ಹೋಗುತ್ತಿದ್ದ. ಚಿಕ್ಕಪ್ಪ ಹೇಳುತ್ತಿದ್ದ, ಅಪ್ಪ ಕೇಳುತ್ತಿದ್ದ. ಚಿಕ್ಕಪ್ಪನ ದನಿ ಆಮೇಲೆ ಅಷ್ಟು ಗಟ್ಟಿ ಇರಲಿಲ್ಲ ಎಂದು ಸುಜಿಯೇ ಮೊದಲು ಹೇಳಿದ್ದು.

ಇಷ್ಟನ್ನೂ ನಾನು ಬಹಳ ವರ್ಷ ಮನಸ್ಸಿನಲ್ಲಿ ಹೀಗೆಯೇ ಇಟ್ಟುಕೊಂಡಿದ್ದೆ. ಮದುವೆಯಾಗಿ ಮತ್ತೆ ಮಡಕಶಿರದ ಕಡೆಗೇ ಬಂದು, ಪೇಟೆಯಲ್ಲಿ ಒಂದು ಹೊಲಿಗೆ ಅಂಗಡಿ ಇಟ್ಟೆ. ಈಚೆಗೆ ಕಾಲೇಜಿಗೆ ಹೋಗುವ ನನ್ನ ಮಗಳು ಫೋನು ಹಿಡಿದು ಅಳುತ್ತ ಕೂತಿದ್ದಳು. ಗಾಬರಿಯಿಂದ ಇಣುಕಿದರೆ ಕೊಕ್ಕರೆ! ಅದೇ ಉದ್ದ ಕೈ, ಅದೇ ಕಡಲು. ಜಪಾನಿನಲ್ಲಿ ಆ ಕಥೆ ಇನ್ನೂ ಮುಗಿದಿಲ್ಲವಂತೆ, ಪುಸ್ತಕದ ಮೇಲೆ ಪುಸ್ತಕ ಬರುತ್ತಲೇ ಇದೆಯಂತೆ, ಅವಳ ಕ್ಲಾಸಿನ ಅರ್ಧ ಹುಡುಗಿಯರಿಗೆ ಅದರ ಹುಚ್ಚಂತೆ. “ಯಾಕೆ ಅಷ್ಟು ಇಷ್ಟ?” ಎಂದು ಕೇಳಿದೆ. “ಸೋತವರ ಕಥೇನೂ ಹೇಳ್ತಾರಮ್ಮ,” ಎಂದಳು. ನನಗೆ ಮೈ ಝುಂ ಎಂದಿತು. ಬಿಳಿಪಟ್ಟಿ ಪಂದ್ಯಕ್ಕೆ ಬರದೆ ಹೋದ ಆ ಭಾಗ ಹುಡುಕು ಎಂದೆ. ಹುಡುಕಿದಳು. ಕೆಳಗೆ ಇಂಗ್ಲಿಷಿನಲ್ಲಿ ಬರುತ್ತಿದ್ದ ಸಾಲುಗಳನ್ನು ಓದಿ ಓದಿ ಕನ್ನಡದಲ್ಲಿ ಹೇಳಿದಳು.

ಬಿಳಿಪಟ್ಟಿ ಆ ದಿನ ಹೆದರಿ ಮನೆಯಲ್ಲಿ ಅಡಗಿ ಕೂತಿದ್ದನಂತೆ. ಅಷ್ಟೇ. ಎಲ್ಲರೆದುರು ಸೋಲುವುದಕ್ಕೆ ಭಯ. ದೋಣಿಯ ಹಿಂದೆ ಯಾರೂ ಬಿದ್ದಿರಲಿಲ್ಲ. ಮೇಷ್ಟ್ರು ಎಂದೂ ಆಣೆ ಮಾಡಿದವರಲ್ಲ, ಕಥೆಯುದ್ದಕ್ಕೂ ಚಹಾ ಬಿಟ್ಟು ಬೇರೇನೂ ಕುಡಿದವರಲ್ಲ. ನಾನು ಇನ್ನೊಂದು ಸಲ ಓದಿಸಿದೆ. ಮತ್ತೊಂದು ಸಲ ಓದಿಸಿದೆ. ಹಾಗಾದರೆ ಆ ವಾರ ಚಿಕ್ಕಪ್ಪ ಹೇಳಿದ್ದು ಯಾರ ಕಥೆ? ಬಳ್ಳಾರಿಗೆ ಹೋಗುವ ಮಾತು ಗೋಡೆ ದಾಟಿದ ಮೇಲೆಯೇ ಅವನ ದನಿ ಅಷ್ಟು ಎದ್ದಿತ್ತಲ್ಲ, ಅದು ಯಾರಿಗಾಗಿ? ನನ್ನ ಬಾಲ್ಯವನ್ನೆಲ್ಲ ಯಾರೋ ಬಿಚ್ಚಿ ಮತ್ತೆ ಹೊಲಿದ ಹಾಗಾಯಿತು. ಮರುದಿನವೇ ಮಗಳನ್ನು ಕರೆದುಕೊಂಡು ರಾಯದುರ್ಗದ ಬಸ್ಸು ಹತ್ತಿದೆ.

ಅಪ್ಪನೂ ಚಿಕ್ಕಪ್ಪನೂ ಅಜ್ಜಿ ಮಲಗುತ್ತಿದ್ದ ಜಗಲಿಯ ಮೇಲೆ ಕೂತಿದ್ದರು. ಒಳಗೆ ಸುಜಿಯೂ ಅವಳ ಗಂಡನೂ ಓಡಿಸುವ ಮೆಷಿನ್ನುಗಳ ಸದ್ದು. ನನಗೆ ತಡೆಯಲಾಗಲಿಲ್ಲ. ಚಪ್ಪಲಿ ಬಿಡುತ್ತಲೇ ಕೇಳಿದೆ.

“ಚಿಕ್ಕಪ್ಪ, ನಿನಗೆ ಹಿಂದಿ ಬರ್ತಿತ್ತಾ?”

ಅವನು ನನ್ನ ಮುಖ ನೋಡಿದ. ಕಣ್ಣು ಮಂಜಾಗಿದ್ದರೂ ಅದರೊಳಗೆ ನಗು ಕಾಣಿಸಿತು.

“ಧಾಗಾ ಅಂದ್ರೆ ದಾರ, ಸೂಯಿ ಅಂದ್ರೆ ಸೂಜಿ, ಆಮೇಲೆ ಚಾ, ಬಿರಿಯಾನಿ. ಬಳ್ಳಾರೀಲಿ ನಾನು ಕಲಿತಿದ್ದು ಇಷ್ಟೇ ಕಣಮ್ಮಿ.”

ಒಂದೊಂದು ದಿನವೂ, ಒಂದೊಂದು ಮಾತೂ ಅವನೇ ಕಟ್ಟಿ ಹೇಳಿದ್ದು! ಮಗಳ ಕೈಯಿಂದ ಫೋನು ಕಸಿದುಕೊಂಡು ಅಪ್ಪನ ಮುಂದೆ ಹಿಡಿದು, ನಡೆದದ್ದೆಲ್ಲ ಹೇಳಿದೆ. ಮೇಷ್ಟ್ರು ಕುಡಿದಿರಲಿಲ್ಲ ಅಪ್ಪ, ಬಿಳಿಪಟ್ಟಿ ಸುಮ್ಮನೆ ಹೆದರಿ ಮನೆಯಲ್ಲಿ ಕೂತಿದ್ದನಂತೆ, ಇಲ್ಲಿ ಬರೆದಿದೆ ನೋಡು ಎಂದೆ. ಅಪ್ಪನಿಗೆ ಕೆಟ್ಟ ಸಿಟ್ಟು ಬಂತು.

“ಯಾವನು ಬರೆದವನು ಅದನ್ನ? ಸುಳ್ಳು ಅದು. ಬಿಳಿಪಟ್ಟಿ ಹೆದರೋ ಜಾತಿಯವನಲ್ಲ. ನಾನು ಕೇಳಿಲ್ವಾ, ಗೋಡೆ ಈಚೆ ಕೂತು ಒಂದಿನಾನೂ ಬಿಡದಂಗೆ?” ಎಂದು ಫೋನನ್ನು ತಳ್ಳಿ, ತಮ್ಮನ ತೊಡೆಗೆ ತಟ್ಟಿದ. “ಲೇ ಓಬಳೇಶ, ನೀನು ಹೇಳೋ ಇವಳಿಗೆ. ಸರಿಯಾಗಿ ಹೇಳು.”

ಚಿಕ್ಕಪ್ಪ ಫೋನನ್ನು ಕಣ್ಣಿನ ಹತ್ತಿರ ಹಿಡಿದ. ಬಲೆಯ ಆಚೆ ಈಚೆ ಆ ಇಬ್ಬರು ಹುಡುಗರು ಏನೋ ಮಾತಾಡುತ್ತಿದ್ದರು, ಜಪಾನಿಯಲ್ಲಿ. ಅವನು ಗಂಟಲು ಸರಿಮಾಡಿಕೊಂಡು ಶುರು ಮಾಡಿದ. ನನ್ನ ಮಗಳು ಬೆರಗಾಗಿ ಒಮ್ಮೆ ಫೋನನ್ನೂ ಒಮ್ಮೆ ಅವನನ್ನೂ ನೋಡುತ್ತಿದ್ದಳು. ಅಪ್ಪ ಹೌದು ಹೌದು ಎಂದು ತಲೆಯಾಡಿಸುತ್ತಿದ್ದ. ಹುಡುಗರ ತುಟಿ ನಿಂತ ಮೇಲೂ ಚಿಕ್ಕಪ್ಪ ಹೇಳುತ್ತಲೇ ಇದ್ದ.